ಯಾರ ಒರಿಜಿನ್, ಯಾವ ಒರಿಜಿನ್?

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಆರು ಪತ್ರಗಳು, ಬೇರೆ ಬೇರೆ ಊರುಗಳಿಂದ ಬಂದಿದ್ದರೂ, ಒಂದೇ ತೊಡಕನ್ನು ಕುರಿತವು: ಫೈಲ್‌ಗಳ ಬದಲಾವಣೆಗಳ ಇತಿಹಾಸವನ್ನು ಕಾದಿಡುವ ಗಿಟ್ ಎಂಬ ಸಾಧನ ಬಳಸಿ ನಾಲ್ಕಾರು ಜನ ಒಟ್ಟಿಗೆ ಕೆಲಸ ಮಾಡುವಾಗ ದೂರದ ಸರ್ವರ್‌ಗಳಿಗೆ, ಅಂದರೆ ರಿಮೋಟ್‌ಗಳಿಗೆ, ಇಡುವ ಹೆಸರು. ಆದ್ದರಿಂದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ. ಕಮಾಂಡ್‌ಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡ ಅಕ್ಷರಗಳಲ್ಲಿ ಅಚ್ಚು ಮಾಡಲಾಗಿದೆ. ಟರ್ಮಿನಲ್‌ನಲ್ಲಿ ಅವನ್ನು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಪ್ರಶ್ನೆ: ನಾವು ಆರು ಜನ ಸೇರಿ ಶಾಲೆಗಳಿಗೆ ಹಾಜರಾತಿ ದಾಖಲಿಸುವ ತಂತ್ರಾಂಶವೊಂದನ್ನು ಬರೆಯುತ್ತಿದ್ದೇವೆ. ಕಳೆದ ತಿಂಗಳು ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬರಿಗೆ "ನಿಮ್ಮ ಕೆಲಸವನ್ನು ಒರಿಜಿನ್‌ಗೆ ಪುಶ್ ಮಾಡಿಬಿಡಿ", ಅಂದರೆ ಕಳಿಸಿಬಿಡಿ, ಎಂದು ಫೋನಿನಲ್ಲಿ ಹೇಳಿದೆ. ಅವರು ಮಾಡಿದರು, ಎರರ್ ಏನೂ ಬರಲಿಲ್ಲ. ಆದರೆ ಸಂಜೆಯವರೆಗೂ ಆ ಕೆಲಸ ನಮ್ಮಲ್ಲಿ ಯಾರಿಗೂ ಕಾಣಿಸಲಿಲ್ಲ. ಆಮೇಲೆ ನೋಡಿದರೆ ಅವರ ಒರಿಜಿನ್ ಎಂದರೆ ಅವರ ಸ್ವಂತ ಫೋರ್ಕ್, ಅಂದರೆ ಸರ್ವರ್‌ನಲ್ಲಿ ಅವರು ತಮಗಾಗಿ ಮಾಡಿಕೊಂಡ ಪ್ರತಿ. ನನ್ನ ಒರಿಜಿನ್ ಎಂದರೆ ತಂಡದ ರೆಪೊಸಿಟರಿ, ಅಂದರೆ ಎಲ್ಲರ ಫೈಲ್‌ಗಳೂ ಅವುಗಳ ಇತಿಹಾಸವೂ ಇರುವ ಭಂಡಾರ. ತಪ್ಪು ಯಾರದು?
— ಓದುಗರೊಬ್ಬರು, ತುಮಕೂರು

ಉತ್ತರ: ತಪ್ಪು ಇಬ್ಬರದೂ ಅಲ್ಲ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯಾದ ಮಾತನ್ನೇ ಆಡಿದ್ದೀರಿ, ತೊಂದರೆ ಹುಟ್ಟಿದ್ದೂ ಅದರಿಂದಲೇ. ಮೂವರು ಸೊಸೆಯರಿರುವ ಮನೆಯಲ್ಲಿ "ಈ ಬುಟ್ಟಿಯನ್ನು ತವರಿಗೆ ಕಳಿಸಿ" ಎಂದು ಅತ್ತೆ ಹೇಳಿದರೆ ಬುಟ್ಟಿ ಯಾವ ಊರಿನ ಬಸ್ಸು ಹತ್ತಬೇಕು? ತವರು ಎಂಬುದು ಊರಿನ ಹೆಸರಲ್ಲ, ಹೇಳುವವರಿಗೂ ಒಂದು ಮನೆಗೂ ಇರುವ ನಂಟಿನ ಹೆಸರು. ಒರಿಜಿನ್ ಎಂಬುದೂ ಅಂಥದೇ. ಯಾವ ವಿಳಾಸದಿಂದ ಕ್ಲೋನ್ ಮಾಡಿಕೊಳ್ಳುತ್ತೇವೆಯೋ, ಅಂದರೆ ನಮ್ಮ ಕಂಪ್ಯೂಟರ್‌ಗೆ ಪೂರ್ತಿ ಪ್ರತಿ ಇಳಿಸಿಕೊಳ್ಳುತ್ತೇವೆಯೋ, ಆ ವಿಳಾಸಕ್ಕೆ ಗಿಟ್ ತಾನಾಗಿ ಇಟ್ಟುಬಿಡುವ ಹೆಸರು ಅದು. ನೀವು ತಂಡದ ರೆಪೊಸಿಟರಿಯಿಂದ ಕ್ಲೋನ್ ಮಾಡಿದಿರಿ, ಅವರು ತಮ್ಮ ಫೋರ್ಕ್‌ನಿಂದ ಮಾಡಿದರು. ಹಾಗಾಗಿ ಒಂದೇ ಪದ ಎರಡು ದಿಕ್ಕಿಗೆ ಬೆರಳು ತೋರಿಸಿತು.

ಈ ಹೆಸರು ಎಲ್ಲಿ ಕುಳಿತಿರುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ. ರೆಪೊಸಿಟರಿಯ ಒಳಗಿರುವ ಡಾಟ್ ಗಿಟ್ ಫೋಲ್ಡರ್‌ನಲ್ಲಿ ಕಾನ್ಫಿಗ್ ಎಂಬ ಸಾದಾ ಫೈಲ್ ಇದೆ, ಅದನ್ನು ತೆರೆಯಿರಿ. ಚೌಕ ಆವರಣದೊಳಗೆ ರಿಮೋಟ್ ಎಂಬ ತಲೆಬರಹ, ಅದರ ಪಕ್ಕದಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಒರಿಜಿನ್, ಕೆಳಗೆ ಸಾಮಾನ್ಯವಾಗಿ ಎರಡೇ ಸಾಲು. ಒಂದು ಸಾಲಿನಲ್ಲಿ ವಿಳಾಸವಿರುತ್ತದೆ. ಇನ್ನೊಂದರಲ್ಲಿ "ಅಲ್ಲಿನ ಬ್ರಾಂಚ್‌ಗಳನ್ನೆಲ್ಲ (ಕೆಲಸದ ಕವಲುಗಳನ್ನೆಲ್ಲ) ತಂದು ಇಲ್ಲಿ ಒರಿಜಿನ್ ಎಂಬ ಹೆಸರಿನಡಿ ಇಡು" ಎಂಬ ಅರ್ಥದ ಫೆಚ್ ಸೂಚನೆ ಇರುತ್ತದೆ. ಅಷ್ಟೇ ಅದರ ಸಂಸಾರ. ಈ ಫೈಲ್ ಕಮಿಟ್ ಆಗುವುದಿಲ್ಲ (ಇತಿಹಾಸದಲ್ಲಿ ದಾಖಲಾಗುವುದಿಲ್ಲ), ಪುಶ್ ಮಾಡಿದಾಗ ಹೋಗುವುದಿಲ್ಲ, ಇನ್ನೊಬ್ಬರು ಕ್ಲೋನ್ ಮಾಡಿಕೊಂಡಾಗ ಅವರ ಕೈಗೆ ಸಿಗುವುದೂ ಇಲ್ಲ. ನಿಮ್ಮ ಮೊಬೈಲಿನಲ್ಲಿ ಯಾವುದೋ ನಂಬರನ್ನು "ಹಾಲಿನವರು" ಎಂದು ಉಳಿಸಿಕೊಂಡಿದ್ದರೆ ಅದು ಪಕ್ಕದ ಮನೆಯವರ ಮೊಬೈಲಿಗೆ ಹೋಗುವುದಿಲ್ಲವಲ್ಲ, ಹಾಗೆ. ಗಿಟ್‌ನಂಥದೇ ಸಾಧನವಾದ ಮರ್ಕ್ಯುರಿಯಲ್ ಬಳಸುವವರ ಸ್ಥಿತಿಯೂ ಇದೇ. ಅಲ್ಲಿ ಒರಿಜಿನ್ ಬದಲು ಡಿಫಾಲ್ಟ್ ಎಂಬ ಹೆಸರು ಬರುತ್ತದೆ, ಅದೂ ಆಯಾ ಪ್ರತಿಯ ಒಳಗಷ್ಟೇ ಬದುಕುತ್ತದೆ.

ಗಿಟ್‌ಗಿಂತ ಹಳೆಯ ಸಾಧನವಾದ ಸಬ್‌ವರ್ಶನ್ ಬಳಸುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಸರ್ವರ್ ಒಂದೇ ಇರುತ್ತಿತ್ತು. ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನೆಲ್‌ನ ಕೆಲಸಕ್ಕೆಂದು ಗಿಟ್ ಬರೆದಾಗ, ನಡುವಿನ ಒಂದು ಸರ್ವರನ್ನು ಎಲ್ಲರೂ ನೆಚ್ಚಿ ಕೂರುವ ಏರ್ಪಾಡನ್ನೇ ಬಿಟ್ಟುಬಿಟ್ಟರು. ಪ್ರತಿಯೊಬ್ಬರ ಬಳಿಯೂ ಪೂರ್ಣ ಇತಿಹಾಸವಿರುವ ಪ್ರತಿ, ಯಾರು ಯಾರಿಂದ ಬೇಕಾದರೂ ತರಿಸಿಕೊಳ್ಳಬಹುದು. ಗಿಟ್‌ನ ಕೈಪಿಡಿಯಲ್ಲಿ ರಿಮೋಟ್ ಸೇರಿಸುವುದಕ್ಕೆ ಕೊಟ್ಟಿರುವ ಉದಾಹರಣೆಯಲ್ಲೂ ಕರ್ನೆಲ್‌ನ ಇನ್ನೊಂದು ರೆಪೊಸಿಟರಿಗೆ ಸ್ಟೇಜಿಂಗ್ ಎಂದು, ಅದರ ಕೆಲಸ ತಿಳಿಯುವಂತೆ ಹೆಸರಿಟ್ಟಿದ್ದಾರೆ. ಕೇಂದ್ರವಿಲ್ಲದ ವ್ಯವಸ್ಥೆಯಲ್ಲಿ ಕೇಂದ್ರ ಯಾವುದು ಎಂಬುದನ್ನು ಜನರೇ ಮಾತಾಡಿಕೊಂಡು ಗೊತ್ತುಮಾಡಬೇಕು. ಗಿಟ್ ಅದನ್ನು ಗೊತ್ತುಮಾಡಿಕೊಡುವುದಿಲ್ಲ.

ಈಗ ರೂಢಿಯಲ್ಲಿರುವ ಪದ್ಧತಿಗಳು ಎರಡು. ರೆಪೊಸಿಟರಿಗಳನ್ನು ಇಡುವ ಜಾಲತಾಣವಾದ ಗಿಟ್‌ಹಬ್‌ನ ದಾಖಲೆಗಳು ಹೇಳಿಕೊಡುವ ಪದ್ಧತಿಯಲ್ಲಿ ಒರಿಜಿನ್ ಎಂದರೆ ನಿಮ್ಮ ಫೋರ್ಕ್, ಅಪ್‌ಸ್ಟ್ರೀಮ್ ಎಂದರೆ ಮೂಲ ಯೋಜನೆ. ಇನ್ನೊಂದರಲ್ಲಿ ಒರಿಜಿನ್ ಎಂದರೆ ಮೂಲ ಯೋಜನೆಯೇ, ಫೋರ್ಕ್‌ಗೆ ಬೇರೇನೋ ಹೆಸರು. ನಿಮ್ಮ ಹೊಸ ಸಹೋದ್ಯೋಗಿ ಮೊದಲನೆಯದನ್ನು ಕಲಿತು ಬಂದವರು, ನೀವು ಎರಡನೆಯದರಲ್ಲಿ ಬೆಳೆದವರು. ಎರಡರಲ್ಲಿ ಯಾವುದನ್ನು ಆರಿಸಿದರೂ ಸರಿ ಎಂದು ಸೌಜನ್ಯಕ್ಕೆ ಹೇಳಬಹುದು. ಆದರೆ ಆರು ಜನರ ತಂಡಕ್ಕೆ ನನ್ನ ಸಲಹೆ ಬೇರೆ. ಒರಿಜಿನ್ ಎಂಬ ಪದವನ್ನೇ ಬಿಟ್ಟುಬಿಡಿ. ತಂಡದ ರೆಪೊಸಿಟರಿಗೆ ಎಲ್ಲರ ಕಂಪ್ಯೂಟರ್‌ನಲ್ಲೂ ಟೀಮ್ ಎಂದೋ ಯೋಜನೆಯ ಹೆಸರೋ ಇರಲಿ. ಫೋರ್ಕ್‌ಗಳಿಗೆ ಅದರ ಒಡೆಯರ ಲಾಗಿನ್ ಹೆಸರು ಇರಲಿ, ನಿಮ್ಮ ಸ್ವಂತ ಫೋರ್ಕ್‌ಗೆ ನಿಮ್ಮದೇ ಲಾಗಿನ್ ಹೆಸರು. "ಮೈನ್", "ಮೈ-ಫೋರ್ಕ್" ಎಂದೆಲ್ಲ ಇಡಲು ಮನಸ್ಸಾಗುತ್ತದೆ, ಇಡಬೇಡಿ. "ನನ್ನದು" ಎಂಬುದು ಮತ್ತೆ ತವರುಮನೆಯ ಮಾತೇ ಆಗುತ್ತದೆ. ಲಾಗಿನ್ ಹೆಸರಾದರೆ ಆರೂ ಕಂಪ್ಯೂಟರ್‌ಗಳಲ್ಲಿ ಒಂದು ಪದಕ್ಕೆ ಒಂದೇ ಅರ್ಥ, ಫೋನಿನಲ್ಲಿ ಹೇಳಿದರೂ ಕೆಡುವುದಿಲ್ಲ.

ಈಗಾಗಲೇ ಇರುವ ಪ್ರತಿಯಲ್ಲಿ ಹೀಗೆ ಬದಲಿಸಲು "ಗಿಟ್ ರಿಮೋಟ್ ರಿನೇಮ್ ಒರಿಜಿನ್ ಟೀಮ್" ಎಂಬ ಒಂದು ಸಾಲು ಸಾಕು. ಅದು ಕಾನ್ಫಿಗ್‌ನ ತಲೆಬರಹವನ್ನೂ, ಒರಿಜಿನ್ ಹೆಸರಿನಡಿ ತಂದಿಟ್ಟಿದ್ದ ಬ್ರಾಂಚ್ ಗುರುತುಗಳನ್ನೂ, ನಿಮ್ಮ ಬ್ರಾಂಚ್‌ಗಳು ಯಾವುದನ್ನು ಹಿಂಬಾಲಿಸುತ್ತಿವೆ ಎಂಬ ನಮೂದನ್ನೂ ಒಟ್ಟಿಗೆ ತಿದ್ದುತ್ತದೆ. ಹೊಸದಾಗಿ ಕ್ಲೋನ್ ಮಾಡುವವರು "ಗಿಟ್ ಕ್ಲೋನ್ -ಓ ಟೀಮ್" ಎಂದು ಬರೆದು ಮುಂದೆ ವಿಳಾಸ ಕೊಡಬಹುದು. 2020ರ ಡಿಸೆಂಬರ್‌ನಲ್ಲಿ ಬಂದ 2.30ನೇ ಆವೃತ್ತಿಯಿಂದೀಚೆಗೆ ಕ್ಲೋನ್ ಡಾಟ್ ಡಿಫಾಲ್ಟ್‌ರಿಮೋಟ್‌ನೇಮ್ ಎಂಬ ಸೆಟ್ಟಿಂಗ್ ಕೂಡ ಇದೆ. ಅದನ್ನು ಒಮ್ಮೆ ಟೀಮ್ ಎಂದು ಬರೆದಿಟ್ಟರೆ ಪ್ರತಿ ಸಲ ನೆನಪಿಡುವ ಕಷ್ಟವಿಲ್ಲ. ರಿನೇಮ್ ತಿದ್ದದೇ ಬಿಡುವ ಜಾಗಗಳೂ ಇವೆ: ನಿಮ್ಮ ಬಿಲ್ಡ್ ಸ್ಕ್ರಿಪ್ಟ್‌ಗಳು, ಶೆಲ್ ಅಲಿಯಾಸ್‌ಗಳು, ಪರೀಕ್ಷೆಗಳನ್ನು ತಾನಾಗಿ ಓಡಿಸುವ ಫೈಲ್‌ಗಳು. ಅವುಗಳಲ್ಲಿ ಒರಿಜಿನ್ ಎಂದು ಅಕ್ಷರಶಃ ಬರೆದಿದ್ದರೆ ಮರುದಿನ ಬೆಳಿಗ್ಗೆ ಅಲ್ಲಿ ಮುಗ್ಗರಿಸುತ್ತೀರಿ. ಮೊದಲು ಹುಡುಕಿ, ಆಮೇಲೆ ಬದಲಿಸಿ.

ಹೆಸರುಗಳು ತಾವಾಗಿ ಹರಡುವುದಿಲ್ಲವಾದ್ದರಿಂದ ಅವನ್ನು ಬರೆದಿಡಲೇಬೇಕು. ರೀಡ್‌ಮಿ ಫೈಲಿನ ಆರಂಭದಲ್ಲಿ ಮೂರು ಸಾಲು: ಯಾವ ಹೆಸರು, ಯಾವ ವಿಳಾಸ, ಅಲ್ಲಿಗೆ ಯಾರು ಪುಶ್ ಮಾಡಬಹುದು. ಹೊಸಬರು ಬಂದ ಮೊದಲ ದಿನ ಪಕ್ಕದಲ್ಲಿ ಕುಳಿತು "ಗಿಟ್ ರಿಮೋಟ್ -ವಿ" ಓಡಿಸಿ, ತೆರೆಯ ಮೇಲೆ ಬಂದ ಸಾಲುಗಳನ್ನು ರೀಡ್‌ಮಿಯ ಜೊತೆ ಹೋಲಿಸಿ ನೋಡಿದರೆ ಐದು ನಿಮಿಷದ ಕೆಲಸ.

ಪ್ರಶ್ನೆ: "ಅಪ್‌ಸ್ಟ್ರೀಮ್ ಸೆಟ್ ಆಗಿಲ್ಲ" ಎಂದು ಗಿಟ್ ದೂರುತ್ತದೆ. ಆದರೆ ನನ್ನಲ್ಲಿ ಅಪ್‌ಸ್ಟ್ರೀಮ್ ಎಂಬ ರಿಮೋಟ್ ಇದೆ, ಅದರ ವಿಳಾಸವೂ ಸರಿಯಾಗಿದೆ. ಎರಡು ಸಲ ಅಳಿಸಿ ಮತ್ತೆ ಸೇರಿಸಿದರೂ ದೂರು ನಿಲ್ಲಲಿಲ್ಲ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೂರು ಸಲ ಅಳಿಸಿ ಸೇರಿಸಿದರೂ ನಿಲ್ಲುವುದಿಲ್ಲ, ಏಕೆಂದರೆ ಗಿಟ್ ಕೇಳುತ್ತಿರುವ ಅಪ್‌ಸ್ಟ್ರೀಮ್ ಬೇರೆ. ಒಂದು, ಫೋರ್ಕ್ ಮಾಡುವವರು ಮೂಲ ಯೋಜನೆಯ ರಿಮೋಟ್‌ಗೆ ರೂಢಿಯಿಂದ ಇಡುವ ಹೆಸರು. ಅದು ನಿಮ್ಮಲ್ಲಿ ಇದೆ. ಇನ್ನೊಂದು ಗಿಟ್‌ನ ಸ್ವಂತ ಪರಿಭಾಷೆ: ನಿಮ್ಮ ಒಂದು ಬ್ರಾಂಚ್ ಯಾವ ರಿಮೋಟ್‌ನ ಯಾವ ಬ್ರಾಂಚನ್ನು ಹಿಂಬಾಲಿಸುತ್ತದೆ ಎಂಬ ನಮೂದಿಗೂ ಅದು ಅಪ್‌ಸ್ಟ್ರೀಮ್ ಎಂದೇ ಹೇಳುತ್ತದೆ. ನಿಮ್ಮ ಬ್ರಾಂಚ್‌ಗೆ ಆ ನಮೂದು ಇಲ್ಲ. ಮೊದಲ ಸಲ ಪುಶ್ ಮಾಡುವಾಗ "ಗಿಟ್ ಪುಶ್ -ಯು" ಎಂದು ಬರೆದು ರಿಮೋಟ್‌ನ ಹೆಸರನ್ನೂ ಬ್ರಾಂಚ್‌ನ ಹೆಸರನ್ನೂ ಕೊಟ್ಟರೆ ನಮೂದು ಆಗುತ್ತದೆ. "ಗಿಟ್ ಬ್ರಾಂಚ್ -ವಿವಿ" ಓಡಿಸಿದರೆ ಪ್ರತಿ ಬ್ರಾಂಚ್‌ನ ಮುಂದೆ ಚೌಕ ಆವರಣದೊಳಗೆ ಅದು ಕಾಣುತ್ತದೆ. ಆವರಣವಿಲ್ಲದ ಬ್ರಾಂಚ್‌ಗೆ ನಮೂದಿಲ್ಲ ಎಂದು ತಿಳಿಯಿರಿ.

ಹೊಳೆಯ ಮೇಲ್ಭಾಗ ಎಂಬ ಅರ್ಥದ ಈ ಪದವೂ ಅಷ್ಟೇ ಸಾಪೇಕ್ಷವಾದದ್ದು. ತುಂಗೆಯ ದಡದಲ್ಲಿರುವ ತಮಗೆ ನಾನು ಹೇಳಬೇಕಾಗಿಲ್ಲ: ಹೊಸಪೇಟೆಯವರಿಗೆ ಹರಿಹರ ಹೊಳೆಯ ಮೇಲ್ಭಾಗ, ಹರಿಹರದವರಿಗೆ ಶಿವಮೊಗ್ಗ ಮೇಲ್ಭಾಗ. ಯಾರು ಎಲ್ಲಿ ನಿಂತು ಹೇಳುತ್ತಿದ್ದಾರೆ ಎಂಬುದು ಗೊತ್ತಿಲ್ಲದೆ ಆ ಮಾತಿಗೆ ಅರ್ಥವಿಲ್ಲ. ಫೋರ್ಕ್‌ನ ಫೋರ್ಕ್ ಮಾಡಿಕೊಂಡವರಿದ್ದರಂತೂ ಇಬ್ಬರ ಅಪ್‌ಸ್ಟ್ರೀಮ್ ಒಂದೇ ಆಗಿರುವುದಿಲ್ಲ. ಇಷ್ಟಾದರೂ ಗಿಟ್‌ಹಬ್‌ನ ಕಮಾಂಡ್ ಸಾಧನವು ಫೋರ್ಕ್ ಮಾಡುವಾಗ ಹಳೆಯ ಒರಿಜಿನ್‌ಗೆ ತಾನೇ ಅಪ್‌ಸ್ಟ್ರೀಮ್ ಎಂದು ಮರುನಾಮಕರಣ ಮಾಡುತ್ತದೆಯಾದ್ದರಿಂದ, ಮುಕ್ತ ತಂತ್ರಾಂಶದ ಯೋಜನೆಗಳಲ್ಲಿ ಕೆಲಸ ಮಾಡುವವರು ಈ ಹೆಸರಿನೊಡನೆ ಬಾಳಬೇಕಾಗುತ್ತದೆ. ಮಾತಾಡುವಾಗ "ಅಪ್‌ಸ್ಟ್ರೀಮ್ ರಿಮೋಟ್" ಎಂದೂ "ಬ್ರಾಂಚ್‌ನ ಅಪ್‌ಸ್ಟ್ರೀಮ್" ಎಂದೂ ಪೂರ್ತಿಯಾಗಿ ಹೇಳುವುದನ್ನು ರೂಢಿಸಿಕೊಳ್ಳಿ.

ಒಂದು ಕಡೆಯಿಂದ ತರಿಸಿಕೊಂಡು ಇನ್ನೊಂದು ಕಡೆಗೆ ಕಳಿಸುವುದು ನಿಮ್ಮ ದಿನನಿತ್ಯದ ಕೆಲಸವಾಗಿದ್ದರೆ ರಿಮೋಟ್ ಡಾಟ್ ಪುಶ್‌ಡಿಫಾಲ್ಟ್ ಎಂಬ ಸೆಟ್ಟಿಂಗ್‌ಗೆ ನಿಮ್ಮ ಫೋರ್ಕ್‌ನ ಹೆಸರು ಕೊಡಿ, 2013ರ 1.8.3ನೇ ಆವೃತ್ತಿಯಿಂದ ಅದು ಇದೆ. ಆಗ ಪುಲ್ ಮೂಲದಿಂದ ಬರುತ್ತದೆ, ಹೆಸರು ಹೇಳದೆ ಪುಶ್ ಮಾಡಿದ್ದು ಫೋರ್ಕ್‌ಗೆ ಹೋಗುತ್ತದೆ.

ಪ್ರಶ್ನೆ: ನಮ್ಮದು ಸಣ್ಣ ಕಚೇರಿ. ಪುಶ್ ಮಾಡಿದ ಕೂಡಲೇ ಸೈಟ್ ನವೀಕರಣಗೊಳ್ಳುವಂತೆ ಸರ್ವರ್‌ಗಳಲ್ಲಿ ಹುಕ್, ಅಂದರೆ ತಾನಾಗಿ ಓಡುವ ಸ್ಕ್ರಿಪ್ಟ್, ಇಟ್ಟಿದ್ದೇವೆ. ರಿಮೋಟ್‌ಗಳ ಹೆಸರು ಸರ್ವರ್, ಸರ್ವರ್2, ನ್ಯೂ, ನ್ಯೂ2. ಕಳೆದ ವಾರ ಪರೀಕ್ಷೆಯ ಸರ್ವರ್ ಎಂದುಕೊಂಡು ನ್ಯೂಗೆ ಫೋರ್ಸ್ ಪುಶ್, ಅಂದರೆ ಅಲ್ಲಿದ್ದುದರ ಮೇಲೆ ಬಲವಂತದ ಪುಶ್, ಮಾಡಿದೆ. ಅದು ಗ್ರಾಹಕರು ಬಳಸುವ ಸರ್ವರ್ ಆಗಿತ್ತು. ಎರಡು ಗಂಟೆ ಸೈಟ್ ನಿಂತಿತು. ಮರುಕಳಿಸದಂತೆ ಏನು ಮಾಡಬೇಕು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲಿಗೆ ಸಮಾಧಾನದ ಮಾತು: ಇಂಥದ್ದನ್ನು ನಾನೂ ಮಾಡಿದ್ದೇನೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ರಿಮೋಟ್‌ಗಳಿಗೆ ಯಂತ್ರಗಳ ಹೆಸರನ್ನೇ ಇಟ್ಟಿದ್ದೆವು, ಯಂತ್ರಗಳಿಗೆ ನದಿಗಳ ಹೆಸರು. ಕೇಳಲು ಸೊಗಸು. ಆದರೆ ಕಾವೇರಿ ಪರೀಕ್ಷೆಗೋ ಹೇಮಾವತಿ ಪರೀಕ್ಷೆಗೋ ಎಂಬುದು ರಾತ್ರಿ ಹನ್ನೊಂದು ಗಂಟೆಗೆ ನೆನಪಾಗುವ ವಿಷಯವಲ್ಲ. ಅಲ್ಲದೆ ಒಂದು ದಿನ ಯಾರೋ ಎರಡು ಯಂತ್ರಗಳ ಕೆಲಸವನ್ನು ಅದಲುಬದಲು ಮಾಡಿದರು. ಎಲ್ಲರ ಕಾನ್ಫಿಗ್‌ನಲ್ಲೂ ಹೆಸರು ಹಾಗೇ ಉಳಿಯಿತು, ಅರ್ಥ ಮಾತ್ರ ತಿರುಗುಮುರುಗಾಯಿತು. ಅಂದು ಪರೀಕ್ಷೆಯ ದತ್ತಾಂಶದ ಅರೆಬರೆ ಕೆಲಸವೊಂದು ಗ್ರಾಹಕರ ಮುಂದೆ ಹೋಗಿ ನಿಂತಿತು.

ನಿಮ್ಮ ನಾಲ್ಕು ಹೆಸರುಗಳನ್ನು ನೋಡೋಣ. ಸರ್ವರ್ ಎಂಬುದು ಹೆಸರೇ ಅಲ್ಲ, ಮನುಷ್ಯನಿಗೆ "ಮನುಷ್ಯ" ಎಂದು ಹೆಸರಿಟ್ಟಂತೆ. ಸರ್ವರ್2 ಎಂಬುದು ಅದಕ್ಕೆ ಹುಟ್ಟಿದ ತಮ್ಮ. ನ್ಯೂ ಎಂಬುದು ಎಲ್ಲಕ್ಕಿಂತ ಅಪಾಯ, ಏಕೆಂದರೆ ವಸ್ತು ಹಳತಾಗುತ್ತದೆ, ಹೆಸರು ಹಳತಾಗುವುದಿಲ್ಲ. ಹೊಸೂರು ಎಂಬ ಹೆಸರಿನ ಊರುಗಳು ನಮ್ಮಲ್ಲಿ ಎಷ್ಟಿವೆ, ಅವುಗಳಲ್ಲಿ ನಿಜವಾಗಿ ಹೊಸವು ಎಷ್ಟು? ನ್ಯೂ2 ಬಂದ ದಿನವೇ ನ್ಯೂ ಹಳೆಯದಾಗಿತ್ತು, ಅಂದೇ ಹೆಸರು ಬದಲಿಸಬೇಕಿತ್ತು.

ಹೆಸರು ಆ ಸರ್ವರ್ ಮಾಡುವ ಕೆಲಸವನ್ನು ಹೇಳಬೇಕು. ಗ್ರಾಹಕರು ಬಳಸುವುದಕ್ಕೆ ಪ್ರೊಡಕ್ಷನ್, ಅವರಿಗೆ ತೋರಿಸುವ ಮುನ್ನ ನೋಡಿಕೊಳ್ಳುವುದಕ್ಕೆ ಸ್ಟೇಜಿಂಗ್, ಕಾದಿಡುವ ಪ್ರತಿಗೆ ಬ್ಯಾಕಪ್. ಪುಶ್ ಮೂಲಕ ತಂತ್ರಾಂಶವನ್ನು ನೆಲೆಗೊಳಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದ ಹೆರೋಕು ಕೂಡ, ಎರಡು ಪರಿಸರಗಳನ್ನು ಇಟ್ಟುಕೊಳ್ಳುವವರಿಗೆ ಸ್ಟೇಜಿಂಗ್, ಪ್ರೊಡಕ್ಷನ್ ಎಂಬ ರಿಮೋಟ್ ಹೆಸರುಗಳನ್ನೇ ತೋರಿಸಿಕೊಡುತ್ತದೆ. ಪ್ರೊಡಕ್ಷನ್ ಎಂಬುದನ್ನು ಪ್ರಾಡ್ ಎಂದು ಮೊಟಕುಮಾಡುವ ಚಪಲ ಬೇಡವೆನ್ನುತ್ತೇನೆ. ಅಪಾಯವಿರುವ ಕಡೆಗೆ ಉದ್ದವಾದ ಹೆಸರೇ ಇರಲಿ. ಟೈಪ್ ಮಾಡುವಷ್ಟು ಹೊತ್ತಾದರೂ ಮನಸ್ಸು ಅಲ್ಲಿ ನಿಲ್ಲುತ್ತದೆ. ಹೆಸರುಗಳ ಮೊದಲ ಅಕ್ಷರಗಳೂ ಬೇರೆ ಬೇರೆಯಾಗಿರಲಿ, ಏಕೆಂದರೆ ಬಹಳ ಮಂದಿ ಎರಡಕ್ಷರ ಒತ್ತಿ ಟ್ಯಾಬ್ ಕೀಲಿಯ ಮೇಲೆ ಭಾರ ಹಾಕುತ್ತಾರೆ.

ಒಳ್ಳೆಯ ಹೆಸರೊಂದೇ ಕಾವಲು ಕಾಯುತ್ತದೆ ಎಂದು ಮಾತ್ರ ನಂಬಬೇಡಿ. ಪ್ರೊಡಕ್ಷನ್ ಸರ್ವರ್‌ನಲ್ಲಿರುವ ರೆಪೊಸಿಟರಿಯ ಕಾನ್ಫಿಗ್‌ನಲ್ಲಿ ರಿಸೀವ್ ಡಾಟ್ ಡಿನೈನಾನ್‌ಫಾಸ್ಟ್‌ಫಾರ್ವರ್ಡ್ಸ್ ಎಂಬುದನ್ನು ಟ್ರೂ ಮಾಡಿ. ಆಮೇಲೆ ಯಾರು ಫೋರ್ಸ್ ಎಂದು ಬರೆದರೂ ಇತಿಹಾಸವನ್ನು ಅಳಿಸಿ ಬರೆಯುವ ಪುಶ್ ಅಲ್ಲಿ ಸ್ವೀಕೃತವಾಗುವುದಿಲ್ಲ. ನಿಮ್ಮ ಕಂಪ್ಯೂಟರ್‌ನ ಕಡೆಯಲ್ಲಿ ಪ್ರಿ-ಪುಶ್ ಹುಕ್ ಬರೆಯಬಹುದು: ಗಿಟ್ ಅದಕ್ಕೆ ಮೊದಲ ಮಾಹಿತಿಯಾಗಿ ರಿಮೋಟ್‌ನ ಹೆಸರನ್ನೂ ಎರಡನೆಯದಾಗಿ ವಿಳಾಸವನ್ನೂ ಕೊಡುತ್ತದೆ. ಹೆಸರನ್ನು ನಂಬದೆ ವಿಳಾಸವನ್ನು ನೋಡಿ, ಅದು ಗ್ರಾಹಕರ ಸರ್ವರ್ ಆಗಿದ್ದರೆ "ಹೌದು" ಎಂದು ಪೂರ್ತಿ ಟೈಪ್ ಮಾಡಿಸಿಕೊಂಡು ಮುಂದುವರಿಯುವಂತೆ ಬರೆಯಿರಿ. ಈ ಹುಕ್ ಕೂಡ ಕ್ಲೋನ್ ಜೊತೆ ಹೋಗುವುದಿಲ್ಲ, ನೋ-ವೆರಿಫೈ ಎಂದು ಬರೆದರೆ ಸುಮ್ಮನಾಗುತ್ತದೆ. ಅದಕ್ಕೇ ಸರ್ವರ್ ಕಡೆಯ ಬೀಗವನ್ನು ಮೊದಲು ಹೇಳಿದೆ. ಪ್ರೊಡಕ್ಷನ್‌ಗೆ ಎಂದೂ ಪುಶ್ ಮಾಡಬೇಕಾಗಿಲ್ಲದ ಸಹೋದ್ಯೋಗಿಗಳು "ಗಿಟ್ ರಿಮೋಟ್ ಸೆಟ್-ಯುಆರ್‌ಎಲ್ --ಪುಶ್ ಪ್ರೊಡಕ್ಷನ್" ಎಂದು ಬರೆದು, ಮುಂದೆ ವಿಳಾಸದ ಜಾಗದಲ್ಲಿ "ಪುಶ್-ಬೇಡ" ಎಂಬಂಥ ಯಾವುದಾದರೂ ಸುಳ್ಳು ಪದ ಹಾಕಬಹುದು. ಫೆಚ್ ಎಂದಿನಂತೆ ನಡೆಯುತ್ತದೆ, ಪುಶ್ ಮಾತ್ರ ಇಲ್ಲದ ವಿಳಾಸಕ್ಕೆ ಹೋಗಿ ಸೋಲುತ್ತದೆ.

ಪ್ರಶ್ನೆ: ರಿಮೋಟ್‌ಗಳಿಗೆ ಕನ್ನಡದಲ್ಲೇ "ಕಚೇರಿ", "ಮನೆ" ಎಂದು ಹೆಸರಿಡಬಹುದೇ? ಗಿಟ್ ಒಪ್ಪುತ್ತದೆಯೇ?
— ವಿದ್ಯಾರ್ಥಿನಿಯೊಬ್ಬರು, ಧಾರವಾಡ

ಉತ್ತರ: ಒಪ್ಪುತ್ತದೆ. ಖಾಲಿ ಜಾಗ, ಕೋಲನ್, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆಗಳಂಥವು ಹೆಸರಿನಲ್ಲಿ ಸಲ್ಲವು. ಕನ್ನಡ ಅಕ್ಷರಕ್ಕೆ ಅಡ್ಡಿಯಿಲ್ಲ. ಒಬ್ಬರೇ ಬಳಸುವ ಪ್ರತಿಯಲ್ಲಿ ಧಾರಾಳವಾಗಿ ಇಟ್ಟುಕೊಳ್ಳಿ, ನನ್ನ ಲ್ಯಾಪ್‌ಟಾಪ್‌ನಲ್ಲೂ ಪೆನ್‌ಡ್ರೈವ್‌ನ ಪ್ರತಿಗೆ "ಜೇಬು" ಎಂಬ ಹೆಸರಿದೆ.

ಆದರೆ ತಂಡದಲ್ಲಿ ಬಳಸುವ ಮುನ್ನ ಒಂದು ಸೂಕ್ಷ್ಮ ತಿಳಿದಿರಲಿ. ಗಿಟ್ ಹೆಸರುಗಳನ್ನು ಕಣ್ಣಿಗೆ ಕಾಣುವ ಆಕಾರದಿಂದಲ್ಲ, ಒಳಗಿನ ಬೈಟ್‌ಗಳಿಂದ ಹೋಲಿಸುತ್ತದೆ. "ಕಚೇರಿ" ಎಂಬಲ್ಲಿರುವ ಏಕಾರದ ಚಿಹ್ನೆಗೆ ಯೂನಿಕೋಡ್‌ನಲ್ಲಿ ಒಂದು ಸಂಕೇತವಿದೆ. ಅದನ್ನೇ ಎಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಎರಡು ಸಂಕೇತಗಳಾಗಿ ಒಡೆದೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಗಿಟ್‌ಗೆ ಎರಡೂ ಬೇರೆ. ಒಂದು ಕಡೆಯಿಂದ ನಕಲು ಮಾಡಿದ ಹೆಸರು ಒಡೆದ ರೂಪದಲ್ಲಿದ್ದು, ಕೀಲಿಮಣೆಯಿಂದ ಟೈಪ್ ಮಾಡಿದ್ದು ಕೂಡಿದ ರೂಪದಲ್ಲಿದ್ದರೆ "ಅಂಥ ರಿಮೋಟ್ ಇಲ್ಲ" ಎಂಬ ಉತ್ತರ ಬರುತ್ತದೆ, ನೀವು ತೆರೆಯನ್ನೇ ದಿಟ್ಟಿಸುತ್ತಾ ಕೂರುತ್ತೀರಿ. "ಮನೆ"ಗೆ ಈ ತಾಪತ್ರಯವಿಲ್ಲ, ಅದರ ಎಕಾರ ಒಡೆಯುವುದಿಲ್ಲ. ಇನ್ನು ಪೆನ್‌ಡ್ರೈವ್, ಟೆಸ್ಟ್‌ಸರ್ವರ್ ಎಂಬಂಥ ಪದಗಳ ನಡುವೆ, ಒತ್ತಕ್ಷರ ಆಗದಂತೆ ತಡೆಯುವ ಕಣ್ಣಿಗೆ ಕಾಣದ ಅಕ್ಷರವೊಂದು ಕುಳಿತಿರುತ್ತದೆ. ಅದನ್ನು ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಅನೇಕ ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಚೆದುರಿ ಕಾಣುವುದು ಬೇರೆ. ಹಾಗಾಗಿ ಹಂಚಿಕೊಳ್ಳುವ ಹೆಸರಾದರೆ ದೀರ್ಘವೂ ಒತ್ತೂ ಇಲ್ಲದ ಚಿಕ್ಕ ಪದಗಳನ್ನು ಆರಿಸಿ: ಮನೆ, ತಂಡ, ಕಣಜ. ಕಾದಿಡುವ ಪ್ರತಿಗೆ ಕಣಜಕ್ಕಿಂತ ಒಳ್ಳೆಯ ಹೆಸರು ನನಗೆ ಹೊಳೆದಿಲ್ಲ.

ಪ್ರಶ್ನೆ: ಸಹಪಾಠಿಗಳ ಕೆಲಸವನ್ನು ಪರಿಶೀಲಿಸಲು ಅವರೆಲ್ಲರ ಫೋರ್ಕ್‌ಗಳನ್ನು ರಿಮೋಟ್‌ಗಳಾಗಿ ಸೇರಿಸಿಕೊಂಡಿದ್ದೇನೆ, ಒಟ್ಟು ಹದಿನಾಲ್ಕು. ಈಗ ಬ್ರಾಂಚ್ ಬದಲಿಸಲು ಹೋದರೆ ಯಾವುದು ಬೇಕೆಂದು ಗೊತ್ತಾಗುತ್ತಿಲ್ಲ ಎನ್ನುತ್ತದೆ. ಜೊತೆಗೆ ನಾನು ಎಂದೂ ಹಾಕದ ಟ್ಯಾಗ್‌ಗಳು, ಅಂದರೆ ಕಮಿಟ್‌ಗಳಿಗೆ ಅಂಟಿಸುವ ಹೆಸರುಚೀಟಿಗಳು, ಬಂದು ಸೇರಿಕೊಂಡಿವೆ.
— ಓದುಗರೊಬ್ಬರು, ಮಂಗಳೂರು

ಉತ್ತರ: ಎರಡೂ ತೊಂದರೆ ಒಂದೇ ಬೇರಿನವಲ್ಲ. ಮೊದಲನೆಯದು ಸುಲಭ. ನಿಮ್ಮಲ್ಲಿ ಇಲ್ಲದ ಬ್ರಾಂಚ್‌ನ ಹೆಸರು ಹೇಳಿದಾಗ ಗಿಟ್ ರಿಮೋಟ್‌ಗಳಲ್ಲಿ ಹುಡುಕುತ್ತದೆ. ಒಂದೇ ಕಡೆ ಸಿಕ್ಕರೆ ಅದನ್ನು ಹಿಂಬಾಲಿಸುವ ಬ್ರಾಂಚ್ ಮಾಡಿಕೊಡುತ್ತದೆ, ಹಲವು ಕಡೆ ಸಿಕ್ಕರೆ ಕೈಚೆಲ್ಲುತ್ತದೆ. ಹದಿನಾಲ್ಕು ಜನರಲ್ಲಿ ಲಾಗಿನ್ ಎಂಬ ಬ್ರಾಂಚ್ ಮಾಡದವರು ಯಾರಿದ್ದಾರು? ರಿಮೋಟ್‌ನ ಹೆಸರನ್ನೂ ಸೇರಿಸಿ ಪೂರ್ತಿ ಹೇಳುವುದು ಒಂದು ದಾರಿ. ಚೆಕ್‌ಔಟ್ ಡಾಟ್ ಡಿಫಾಲ್ಟ್‌ರಿಮೋಟ್ ಎಂಬ ಸೆಟ್ಟಿಂಗ್‌ಗೆ ತಂಡದ ರಿಮೋಟ್‌ನ ಹೆಸರು ಕೊಟ್ಟು, ಗೊಂದಲವಾದಾಗ ಅದನ್ನೇ ಹಿಡಿ ಎಂದು ಹೇಳುವುದು ಇನ್ನೊಂದು, 2018ರ 2.19ನೇ ಆವೃತ್ತಿಯಿಂದ ಅದು ಲಭ್ಯ.

ಟ್ಯಾಗ್‌ಗಳ ಕಥೆ ಮಾತ್ರ ಬೇರೆ, ಇದನ್ನು ಅನುಭವಿಗಳೂ ಗಮನಿಸಿರುವುದಿಲ್ಲ. ರಿಮೋಟ್‌ಗೆ ಎಷ್ಟೇ ಒಳ್ಳೆಯ ಹೆಸರಿಟ್ಟರೂ ಆ ಹೆಸರಿನ ನೆರಳು ಬ್ರಾಂಚ್‌ಗಳ ಮೇಲಷ್ಟೇ ಬೀಳುತ್ತದೆ. ಇಬ್ಬರು ಸಹಪಾಠಿಗಳ ಲಾಗಿನ್ ಬ್ರಾಂಚ್‌ಗಳು ಅವರವರ ರಿಮೋಟ್ ಹೆಸರಿನಡಿ ಬೇರೆ ಬೇರೆಯಾಗಿ ಕೂರುತ್ತವೆ. ಆದರೆ ಟ್ಯಾಗ್‌ಗಳಿಗೆ ಅಂಥ ಗೋಡೆಯಿಲ್ಲ. ಹದಿನಾಲ್ಕು ಮನೆಗಳ ಟ್ಯಾಗ್‌ಗಳೂ ಒಂದೇ ಪಡಸಾಲೆಗೆ ಬಂದು ಬೀಳುತ್ತವೆ. ಫೆಚ್ ಮಾಡುವಾಗ, ತರಿಸಿಕೊಂಡ ಕಮಿಟ್‌ಗಳಿಗೆ ಅಂಟಿಕೊಂಡ ಟ್ಯಾಗ್‌ಗಳನ್ನು ಗಿಟ್ ಕೇಳದೆಯೇ ತರುತ್ತದೆ. ಇಬ್ಬರು ತಮ್ಮ ತಮ್ಮ ಬೇರೆ ಕಮಿಟ್‌ಗಳಿಗೆ "ವಿ1.0" ಎಂದು ಟ್ಯಾಗ್ ಹಾಕಿದ್ದರೆ ಮೊದಲು ಬಂದದ್ದು ಜಾಗ ಹಿಡಿಯುತ್ತದೆ, ಎರಡನೆಯದು ಸದ್ದಿಲ್ಲದೆ ಹೊರಗುಳಿಯುತ್ತದೆ. ಆಗ ನೀವು ನೋಡುತ್ತಿರುವ ವಿ1.0 ಯಾರದ್ದು ಎಂಬುದನ್ನು ಹೆಸರು ಹೇಳುವುದೇ ಇಲ್ಲ. ಉಪಾಯವೆಂದರೆ ತಂಡದ ರಿಮೋಟ್ ಒಂದನ್ನು ಬಿಟ್ಟು ಉಳಿದವುಗಳ ಟ್ಯಾಗ್‌ಗಳನ್ನು ತರಬೇಡ ಎಂದು ಹೇಳುವುದು: ರಿಮೋಟ್ ಸೇರಿಸುವಾಗ "--ನೋ-ಟ್ಯಾಗ್ಸ್" ಎಂದು ಬರೆಯಿರಿ, ಅಥವಾ ಈಗಿರುವ ಪ್ರತಿಯೊಂದಕ್ಕೂ ಕಾನ್ಫಿಗ್‌ನಲ್ಲಿ ಟ್ಯಾಗ್‌ಆಪ್ಟ್ ಎಂಬಲ್ಲಿ ಅದನ್ನೇ ನಮೂದಿಸಿ. ಈಗಾಗಲೇ ಬಂದು ಕುಳಿತಿರುವವನ್ನು ನಿಮ್ಮ ಪ್ರತಿಯಿಂದ ಕೈಯಾರೆ ಅಳಿಸಿ, ತಂಡದ ರಿಮೋಟ್‌ನಿಂದ ಮತ್ತೆ ತರಿಸಿಕೊಳ್ಳಬೇಕು. ಅದಕ್ಕೆ ಮೊದಲು "ಗಿಟ್ ಪುಶ್ --ಟ್ಯಾಗ್ಸ್" ಎಂದು ಬರೆಯಲು ಹೋಗಬೇಡಿ, ಪರರ ಟ್ಯಾಗ್‌ಗಳೆಲ್ಲ ತಂಡದ ರೆಪೊಸಿಟರಿಗೆ ಹೋಗಿಬಿಡುತ್ತವೆ.

ಹದಿನಾಲ್ಕೂ ರಿಮೋಟ್‌ಗಳು ಸದಾ ಇರಬೇಕಾಗಿಯೂ ಇಲ್ಲ. ಒಂದು ಸಲ ನೋಡಿ ಮುಗಿಸುವ ಕೆಲಸಕ್ಕೆ ಹೆಸರೇ ಬೇಡ. ಫೆಚ್ ಕಮಾಂಡ್‌ಗೆ ನೇರವಾಗಿ ವಿಳಾಸವನ್ನೂ ಬ್ರಾಂಚ್‌ನ ಹೆಸರನ್ನೂ ಕೊಟ್ಟರೆ ತಂದದ್ದು ಫೆಚ್‌ಹೆಡ್ ಎಂಬ ತಾತ್ಕಾಲಿಕ ಗುರುತಿನಲ್ಲಿ ಸಿಗುತ್ತದೆ, ಪರಿಶೀಲನೆಗೆ ಅಷ್ಟು ಸಾಕು.

ಪ್ರಶ್ನೆ: ಹಳೆಯ ರಿಮೋಟ್ ಅಳಿಸಿದರೆ ಸರ್ವರ್‌ನಲ್ಲಿರುವ ಕೆಲಸವೂ ಹೋಗುತ್ತದೆಯೇ? ಭಯದಿಂದ ಮೂರು ವರ್ಷಗಳಿಂದ ಹಾಗೇ ಬಿಟ್ಟಿದ್ದೇನೆ.
— ಓದುಗರೊಬ್ಬರು, ಹಾಸನ

ಉತ್ತರ: ಹೋಗುವುದಿಲ್ಲ. "ಗಿಟ್ ರಿಮೋಟ್ ರಿಮೂವ್" ಎಂಬುದು ನಿಮ್ಮ ಪ್ರತಿಯಲ್ಲಿರುವ ಹೆಸರನ್ನೂ, ಆ ಹೆಸರಿನಡಿ ಇದ್ದ ಬ್ರಾಂಚ್ ಗುರುತುಗಳನ್ನೂ, ನಿಮ್ಮ ಬ್ರಾಂಚ್‌ಗಳು ಅವನ್ನು ಹಿಂಬಾಲಿಸುತ್ತಿದ್ದ ನಮೂದನ್ನೂ ತೆಗೆಯುತ್ತದೆ. ಸರ್ವರ್ ಅನ್ನು ಅದು ಮುಟ್ಟುವುದೇ ಇಲ್ಲ, ಇಂಟರ್‌ನೆಟ್ ಇಲ್ಲದಿದ್ದರೂ ಆ ಕಮಾಂಡ್ ಓಡುತ್ತದೆ. ನಿಮ್ಮ ಸ್ವಂತ ಬ್ರಾಂಚ್‌ಗಳೂ ಇದ್ದಲ್ಲೇ ಇರುತ್ತವೆ. ನೋಡಿಕೊಳ್ಳಬೇಕಾದದ್ದು ಒಂದೇ: ಆ ಸರ್ವರ್ ಈಗ ಬದುಕಿಲ್ಲವಾದರೆ, ಅಲ್ಲಿಂದ ಹಿಂದೆ ತರಿಸಿಕೊಂಡಿದ್ದ ಬೇರೆಯವರ ಬ್ರಾಂಚ್‌ಗಳಿಗೆ ನಿಮ್ಮ ಪ್ರತಿಯೇ ಕೊನೆಯ ನೆಲೆಯಾಗಿರಬಹುದು. ಅಳಿಸುವ ಮುನ್ನ "ಗಿಟ್ ಬ್ರಾಂಚ್ -ಆರ್" ಓಡಿಸಿ ಪಟ್ಟಿಯನ್ನು ಓದಿ, ಬೇಕೆನಿಸಿದ್ದಕ್ಕೆ ನಿಮ್ಮದೇ ಬ್ರಾಂಚ್ ಮಾಡಿಟ್ಟುಕೊಂಡು, ಆಮೇಲೆ ಅಳಿಸಿ.